ಮಧ್ಯದಲ್ಲಿ ಒಂದು ಕುರ್ಚಿ

“ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಬೂಟು ನನ್ನನ್ನೇ ಕಚ್ಚಲಿ,” ಎಂದಳು ಅಮ್ಮ. “ಒಂದು ಮೇಕೆಗೆ ಮೂರು ಜೀಪು. ಮುಂದೊಂದು, ಹಿಂದೊಂದು. ಮಧ್ಯದ ಜೀಪಲ್ಲಿ ಮೇಕೆ. ಕಿಟಕಿ ಪಕ್ಕದ ಸೀಟೇ ಬೇಕು ಅಂತ ಹಟ ಬೇರೆ.”

ಹೇಳುವಾಗ ಅಮ್ಮನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕರೆಂಟ್ ಬಿಲ್ಲು ಓದಿ ಹೇಳುವ ಹಾಗೆ ಹೇಳುತ್ತಿದ್ದಳು. ಅಪ್ಪ ಮನೆ ಮುಂದಿನ ತನ್ನ ಸೈಕಲ್ ಅಂಗಡಿಯ ಮೆಟ್ಟಿಲ ಮೇಲೆ ಕೂತು ಟ್ಯೂಬಿಗೆ ಪಂಕ್ಚರ್ ಹಾಕುತ್ತಾ ಭುಜ ಕುಣಿಸಿ ನಗುತ್ತಿದ್ದ.

ಪಟಾಕಿ ಮಾತ್ರ ನಗಲಿಲ್ಲ. ಅವಳ ನಿಜವಾದ ಹೆಸರು ಹಾಜರಿ ಕರೆಯುವ ಟೀಚರಿಗೆ ಮಾತ್ರ ನೆನಪಿತ್ತು. ಮೂಗಿನ ತುದಿಯಲ್ಲೇ ಕೋಪ ಇದ್ದದ್ದರಿಂದ ಉಳಿದವರಿಗೆಲ್ಲ ಅವಳು ಪಟಾಕಿ.

ಅಮ್ಮ ಸೈನ್ಯದಲ್ಲಿದ್ದಳು. ಒಂದು ವರ್ಷ ಶಾಂತಿಪಡೆಯ ಜೊತೆ ದೂರದ ದೇಶದಲ್ಲಿದ್ದು ನಿನ್ನೆಯಷ್ಟೇ ಮನೆಗೆ ಬಂದಿದ್ದಳು. ಅವಳ ಚೀಲ ಮುಟ್ಟಿದರೆ ಇನ್ನೂ ಕೆಂಪು ಧೂಳು ಉದುರುತ್ತಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ ಅವಳ ನೀಲಿ ಟೋಪಿ ತೂಗುತ್ತಿತ್ತು.

“ಮೇಕೆ ವಿಷಯ ಬಿಡಮ್ಮ. ಗುಂಡು ಎಷ್ಟು ಹೊಡ್ದೆ?”

“ಒಂದೂ ಇಲ್ಲ.”

“ಒಂದೂ?”

“ಹೊಡೆಯೋ ಹಾಗಾದ್ರೆ ನನ್ನ ಕೆಲ್ಸ ಕೆಟ್ಟಿದೆ ಅಂತ ಅರ್ಥ.”

ಇದು ಪಟಾಕಿಯ ಕೆಲಸಕ್ಕೆ ಬರುವ ಉತ್ತರವಲ್ಲ. ವರ್ಷವಿಡೀ ಅವಳು ಹಿಂದಿನ ಬೀದಿಯ ಮಕ್ಕಳಿಗೆ ಹೇಳಿದ್ದು ಒಂದೇ ಮಾತು: “ನಮ್ಮಮ್ಮ ಬರ್ಲಿ, ತೋರಿಸ್ತೀನಿ.”

ಜಗಳ ಇದ್ದದ್ದು ನೀರಿನ ಟ್ಯಾಂಕಿನ ಹಿಂದಿದ್ದ ಖಾಲಿ ಜಾಗಕ್ಕೆ. ಫುಟ್‌ಬಾಲ್ ಆಡಲು ಇದ್ದದ್ದು ಅದೊಂದೇ. ಪಟಾಕಿ ಇದ್ದ ಮುಂದಿನ ಬೀದಿಯವರು ನಮ್ಮದು ಅನ್ನುತ್ತಿದ್ದರು, ಹಿಂದಿನ ಬೀದಿಯವರೂ ನಮ್ಮದು ಅನ್ನುತ್ತಿದ್ದರು. ಹೋದ ವಾರ ಹಿಂದಿನ ಬೀದಿಯ ಉದ್ದಣ್ಣ ಇವರ ಟೀಮಿನ ಚಿಕ್ಕ ಹುಡುಗ ಬಟಾಣಿಯನ್ನು ತಳ್ಳಿದ್ದ. ಪಟಾಕಿ ಕಲ್ಲು ಬೀಸಿದ್ದಳು. ಅದು ಉದ್ದಣ್ಣನ ಕಿವಿಯ ಪಕ್ಕದಲ್ಲೇ ಹಾದು ಟ್ಯಾಂಕಿಗೆ ಬಡಿದು ಢಣ್ ಎಂದಿತ್ತು. ಈಗ ಎರಡೂ ಕಡೆಯವರ ಜೇಬಲ್ಲಿ ಕಲ್ಲುಗಳಿದ್ದವು.

“ಗುಂಡು ಹೊಡೀಲಿಲ್ಲ ಅಂದ್ರೆ ಅಲ್ಲಿ ಏನ್ ಮಾಡ್ತಿದ್ದೆ ಮತ್ತೆ?”

“ಕೂತಿದ್ದೆ. ಎರಡು ಊರು, ಒಂದೇ ಬಾವಿ. ನಾವು ಬಾವಿ ಹತ್ರ ಕೂರ್ತಿದ್ವಿ.”

“ಕೂರೋಕೆ ಟ್ರೈನಿಂಗ್ ಬೇಕಾ?”

“ಬೇಡ್ವಾ ಮತ್ತೆ? ಈ ಊರಲ್ಲಿ ಒಂದು ಲೋಟ ಟೀ ಕುಡಿದ್ರೆ ಆ ಊರಲ್ಲೂ ಒಂದು ಕುಡೀಬೇಕು. ಇಲ್ದಿದ್ರೆ ನೀನು ಅವರ ಕಡೆ ಅಂತಾರೆ. ಅವರು ಎರಡು ಕೊಟ್ರೆ ಇವರು ಮೂರು ಕೊಡ್ತಾರೆ. ಸಂಜೆ ಹೊತ್ತಿಗೆ ನನ್ನ ಹೊಟ್ಟೇಲಿ ದೋಣಿ ಬಿಡಬಹುದಿತ್ತು.”

ಅಮ್ಮ ಅಂಗೈಗೆ ಅಂಟಿದ್ದ ಕೆಂಪು ಧೂಳನ್ನು ಒರೆಸಿಕೊಂಡಳು.

“ನಾವು ಹೋಗೋ ಮುಂಚೆ ಆ ಬಾವಿ ಜಗಳದಲ್ಲಿ ನೀರಿಗೆ ಬಂದ ಮಕ್ಕಳೂ ಸತ್ತಿದ್ರು. ನಾವು ಕೂತ ಮೇಲೆ ಯಾರೂ ಸಾಯ್ಲಿಲ್ಲ.”

ಈ ಮಾತಿಗೆ ಮಾತ್ರ ಅವಳು ಆಣೆ ಇಡಲಿಲ್ಲ. ಅಪ್ಪನ ಕೈ ಟ್ಯೂಬಿನ ಮೇಲೆ ಹಾಗೇ ನಿಂತಿತ್ತು.

ಟ್ಯಾಂಕಿನ ಕಡೆಯಿಂದ ಆಗಲೇ ಕೂಗಾಟ ಕೇಳುತ್ತಿತ್ತು.

“ಅಮ್ಮ, ಇವತ್ತು ಗ್ರೌಂಡಿಗೆ ಬಾ. ಸುಮ್ನೆ ಬಂದು ನಿಂತ್ರೂ ಸಾಕು, ಅವರು ಓಡಿಹೋಗ್ತಾರೆ.”

“ನಿಂತ್ಕೊಳ್ಳೋಕೆ ಆಗಲ್ಲಪ್ಪ, ಕಾಲು ನೋವು,” ಎಂದು ಅಮ್ಮ ಟೋಪಿ ಹಾಕಿಕೊಂಡು ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡಳು.

ಗ್ರೌಂಡಿನ ಈ ತುದಿಯಲ್ಲಿ ಮುಂದಿನ ಬೀದಿ, ಆ ತುದಿಯಲ್ಲಿ ಹಿಂದಿನ ಬೀದಿ. ಎಲ್ಲರ ಕೈಯೂ ಜೇಬಲ್ಲೇ. ಅಮ್ಮ ನಡುಮಧ್ಯಕ್ಕೆ ಹೋಗಿ, ಕುರ್ಚಿ ಹಾಕಿ, ಟ್ಯಾಂಕಿಗೆ ಮುಖ ಮಾಡಿ ಕೂತಳು.

“ಆಂಟಿ, ನೀವು ಯಾರ ಕಡೆ?” ಎಂದು ಕೇಳಿದ ಉದ್ದಣ್ಣ.

“ಯಾರ ಕಡೆನೂ ಇಲ್ಲಪ್ಪ.”

ಹಿಂದಿನ ಬೀದಿಯವರು ಬಿದ್ದು ಬಿದ್ದು ನಕ್ಕರು. “ಅವಳಮ್ಮನೇ ಅವಳ ಕಡೆ ಇಲ್ವಂತೆ ಕಣ್ರೋ!”

ಪಟಾಕಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬಟಾಣಿ ಮಾತ್ರ ಧೈರ್ಯ ಮಾಡಿ ಹೋಗಿ ಅಮ್ಮನಿಗೆ ಒಂದು ಬಿಸ್ಕತ್ತು ಕೊಟ್ಟ. ಅಮ್ಮ ಅದನ್ನು ಕೈಯಲ್ಲೇ ಹಿಡಿದು ಕೂತಳು.

“ತಿನ್ನಿ ಆಂಟಿ.”

“ಆ ಕಡೆಯಿಂದಲೂ ಒಂದು ಬರ್ಲಿ. ಆಮೇಲೆ ಎರಡೂ ತಿಂತೀನಿ.”

ಉದ್ದಣ್ಣನಿಗೆ ಇದು ಮರ್ಯಾದೆ ಪ್ರಶ್ನೆ. ಮನೆಗೆ ಓಡಿ ಎರಡು ತಂದ. ಹಾಗಾದರೆ ಈ ಕಡೆಯಿಂದ ಇನ್ನೊಂದು ಬೇಕಾಯಿತು. ಇವರು ಒಂದು ಹಿಡಿ ತಂದರು. ಅವರು ಪ್ಯಾಕೆಟ್ಟನ್ನೇ ತಂದರು. ಬಿಸ್ಕತ್ತಿಗೆ ಜಾಗ ಬೇಕಲ್ಲ, ಜೇಬಿನ ಕಲ್ಲುಗಳು ಒಂದೊಂದಾಗಿ ನೆಲ ಸೇರಿದವು. ಅಮ್ಮ ಲೆಕ್ಕ ತಪ್ಪದಂತೆ ಈ ಕಡೆಯದೊಂದು, ಆ ಕಡೆಯದೊಂದು ತಿನ್ನುತ್ತಲೇ ಇದ್ದಳು. ಬಿಸಿಲು ಇಳಿಯುತ್ತಾ ಬಂತು.

“ಆಂಟಿ, ಸ್ವಲ್ಪ ಏಳಿ. ನಾವು ಆಡ್ಬೇಕು,” ಎಂದ ಉದ್ದಣ್ಣ.

“ಆಡಿ. ನಾನೆಲ್ಲಿ ಬೇಡ ಅಂದೆ?”

“ಮಧ್ಯದಲ್ಲಿ ಕೂತ್ರೆ ಹೇಗೆ ಆಡೋದಮ್ಮ?” ಎಂದಳು ಪಟಾಕಿ.

“ಅದು ನಿಮ್ಮ ತಲೆನೋವು.”

ಉದ್ದಣ್ಣ ಪಟಾಕಿಯನ್ನು ನೋಡಿದ. ಪಟಾಕಿ ಉದ್ದಣ್ಣನನ್ನು ನೋಡಿದಳು. ಇಷ್ಟು ದಿನದಲ್ಲಿ ಇಬ್ಬರಿಗೂ ಒಟ್ಟಿಗೆ ಒಂದೇ ಯೋಚನೆ ಬಂದದ್ದು ಇದೇ ಮೊದಲು.

“ನಿಮ್ಮಮ್ಮ ಯಾವಾಗ್ಲೂ ಹೀಗೇನಾ?” ಎಂದು ಅವನು ಪಿಸುಗುಟ್ಟಿದ.

“ಹೂಂ. ಆ ಕಾಲು ನೀನು ಹಿಡಿ, ಈ ಕಾಲು ನಾನು ಹಿಡೀತೀನಿ.”

ಕುರ್ಚಿಗೆ ನಾಲ್ಕು ಕಾಲು. ಎರಡು ಮುಂದಿನ ಬೀದಿಗೆ, ಎರಡು ಹಿಂದಿನ ಬೀದಿಗೆ. ಉಳಿದವರೆಲ್ಲ ಸಿಕ್ಕಿದ ಕಡೆ ಕೈ ಕೊಟ್ಟರು. “ಎತ್ತು, ಎತ್ತು,” ಎಂದು ಪಟಾಕಿ ಕೂಗುತ್ತಿದ್ದಂತೆ ಅಮ್ಮ ಕುರ್ಚಿ ಸಮೇತ ಮೇಲೆದ್ದಳು. ಬಟಾಣಿ ಮುಂದೆ ಓಡುತ್ತಾ “ದಾರಿ ಬಿಡಿ, ದಾರಿ ಬಿಡಿ” ಎಂದು ಕಿರುಚಿದ. ದಾರಿಯಲ್ಲಿ ಯಾರೂ ಇರಲಿಲ್ಲ. ಪಂಜಿಲ್ಲದ, ವಾದ್ಯವಿಲ್ಲದ ಮೆರವಣಿಗೆ. ಆದರೆ ಮೇಲೆ ಕೂತವಳ ಮುಖ ಮಾತ್ರ ಮಹಾರಾಣಿಯದು.

“ನಿಧಾನಪ್ಪ. ಹೊಟ್ಟೆ ತುಂಬ ಬಿಸ್ಕತ್ತಿದೆ,” ಎಂದಳು ಅಮ್ಮ.

ಕುರ್ಚಿಯನ್ನು ಗೋಡೆಯ ಪಕ್ಕ ಇಳಿಸುವ ಹೊತ್ತಿಗೆ ಎಲ್ಲರೂ ಏದುಸಿರು ಬಿಡುತ್ತಾ ನಗುತ್ತಿದ್ದರು. ಯಾರು ಯಾವ ಬೀದಿಯವರೆಂದು ನೋಡಿದರೆ ಗೊತ್ತಾಗುವಂತಿರಲಿಲ್ಲ. ಕತ್ತಲಾಗಲು ಇನ್ನು ಸ್ವಲ್ಪವೇ ಹೊತ್ತಿತ್ತು. ಟೀಮು ಆರಿಸುತ್ತಾ ಕೂರುವವರು ಯಾರು? ಕುರ್ಚಿಯ ಬಲಗಡೆ ಹಿಡಿದವರು ಒಂದು ಟೀಮು, ಎಡಗಡೆ ಹಿಡಿದವರು ಇನ್ನೊಂದು. ಪಟಾಕಿಯೂ ಉದ್ದಣ್ಣನೂ ಒಂದೇ ಕಡೆ ಬಿದ್ದರು. ಅವನು ಕೊಟ್ಟ ಪಾಸಿಗೆ ಅವಳು ಹೊಡೆದ ಗೋಲು ಟ್ಯಾಂಕಿಗೆ ಬಡಿದು ಢಣ್ ಎಂದಿತು. ಇಡೀ ಗ್ರೌಂಡು ಹೋ ಎಂದಿತು.

ಮಾರನೆಯ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಮತ್ತೆ ಮೇಕೆಯ ಕತೆ ಶುರುವಾಯಿತು. ಪಟಾಕಿ ಫುಟ್‌ಬಾಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದಳು. ಈಗ ಜೀಪು ಐದಾಗಿತ್ತು.

“ನನ್ನ ಬೂಟಿನಾಣೆ, ಆ ಮೇಕೆ ಜೀಪಿಂದ ಇಳೀತು. ಎರಡೂ ಊರಿನವರು ನೋಡ್ತಾ ನಿಂತಿದ್ದಾರೆ. ಮೇಕೆ ನನಗೊಂದು ಸೆಲ್ಯೂಟ್ ಹೊಡೀತು...”

ಟ್ಯಾಂಕಿನ ಕಡೆಯಿಂದ ಬಟಾಣಿಯ ಅಳು ಕೇಳಿಸಿತು. ಅದರ ಹಿಂದೆಯೇ “ನಮ್ದು, ನಮ್ದು” ಎಂಬ ಕೂಗು.

ಪಟಾಕಿ ತಿರುಗಿ ನೋಡಿದಳು. ತೊಡೆಯ ಮೇಲಿನ ಫುಟ್‌ಬಾಲನ್ನು ಅಪ್ಪನ ಕೈಗೆ ಕೊಟ್ಟಳು.

“...ಹೊಡೆದು, ಆ ಕಡೆಯವರಿಗೊಂದು ಸಲ, ಈ ಕಡೆಯವರಿಗೊಂದು ಸಲ ತಲೆ ಬಾಗಿಸಿ...” ಎನ್ನುತ್ತಲೇ ಇದ್ದಳು ಅಮ್ಮ.

ಪಟಾಕಿ ಎದ್ದು ಮೊಳೆಯಲ್ಲಿದ್ದ ನೀಲಿ ಟೋಪಿ ಹಾಕಿಕೊಂಡಳು. ಅದು ಹುಬ್ಬಿನವರೆಗೂ ಇಳಿಯಿತು. ಪ್ಲಾಸ್ಟಿಕ್ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ನಡೆದೇಬಿಟ್ಟಳು.

“...ಆಮೇಲೆ ನನ್ನ ಕಿವಿ ಹತ್ರ ಬಂದು ಏನಂತು ಗೊತ್ತಾ, ‘ಮೇಡಂ, ಇನ್ಮೇಲೆ ನೀವು ಆರಾಮಾಗಿ...’”