ಕತ್ತರಿಸಿದ ಹದಿನೆಂಟು ಸೆಕೆಂಡು

"ರುಕೋ! ಕ್ಯಾಮೆರಾ ಬಂದ್ ಕರೋ!"

ಮಹಾಪೆಯ ಕಾಂಕ್ರೀಟ್ ಪ್ಲಾಂಟಿನ ಅಂಗಳದಲ್ಲಿ ಆ ದನಿ ಕೇಳಿದ್ದೇ ತಡ, ಕಲಸಿದ ಕಾಂಕ್ರೀಟಿನ ಹದ ನೋಡಲು ಅಶ್ಮಿತಾ ಎತ್ತುತ್ತಿದ್ದ ಕಬ್ಬಿಣದ ಕೋನು ಅರ್ಧದಲ್ಲೇ ನಿಂತಿತು. ಎದುರಿಗೆ ಮೂವತ್ತು ವಿದ್ಯಾರ್ಥಿಗಳು. ಸ್ಟ್ಯಾಂಡಿನ ಮೇಲೆ ಮೊಬೈಲು.

ಅವಳು ಕಲ್ಯಾಣದ ಡಿಪ್ಲೊಮಾ ಕಾಲೇಜಿನಲ್ಲಿ ಸಿವಿಲ್ ಪಾಠ ಮಾಡುವ ಟೀಚರ್. ಈಗಿನ ಮಕ್ಕಳು ಪುಸ್ತಕ ತೆರೆಯುವುದಿಲ್ಲ, ಮೊಬೈಲ್ ಮುಚ್ಚುವುದಿಲ್ಲ. ಹಾಗಾದರೆ ಪಾಠವೇ ಮೊಬೈಲಿಗೆ ಹೋಗಲಿ ಎಂದು ಕಾಂಕ್ರೀಟಿನ ಬಗ್ಗೆ ಒಂದೊಂದು ನಿಮಿಷದ ವಿಡಿಯೊ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದಳು.

ಬಿಳಿ ಹೆಲ್ಮೆಟ್ಟಿನ ಯುವಕನೊಬ್ಬ ದಾಪುಗಾಲು ಹಾಕುತ್ತಾ ಬಂದ. ಮೊಣಕೈ ತನಕ ಒಣಗಿದ ಸಿಮೆಂಟು. ಕೋನು ಓರೆಯಾಗಿದೆ, ಹೀಗೆ ಎತ್ತಿದರೆ ಮಾಲಿನ ಹದ ತಪ್ಪಾಗಿ ಕಾಣುತ್ತದೆ ಎಂದು ಹಿಂದಿಯಲ್ಲಿ ದಬಾಯಿಸಿದ. ಅದೂ ಎಲ್ಲರ ಎದುರು!

ಅಶ್ಮಿತಾಳಿಗೆ ಮೈಯೆಲ್ಲ ಉರಿಯಿತು. ಹಲ್ಲು ಕಚ್ಚಿ ತುಳುವಿನಲ್ಲಿ ಗೊಣಗಿದಳು, "ಇಂಬೆಗ್ ಮಂಡೆ ಸಮ ಇಜ್ಜಿ."

ಅವನು ನಗಲಿಲ್ಲ. "ಮಂಡೆ ಸಮ ಉಂಟು ಮೇಡಂ. ನಿಮ್ಮ ಕೋನೇ ಸಮ ಇಲ್ಲ."

ಅಯ್ಯೋ ದೇವರೇ! ಇವನು ನಮ್ಮವನೇ!

ಅವಳ ಮುಖ ಕೆಂಪಾಯಿತು. ಅವನು ಬಗ್ಗಿ ಕೋನನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ, ನೆಟ್ಟಗೆ ಎತ್ತಿ ತೋರಿಸಿದ. ಎಷ್ಟು ಜೋಪಾನವಾಗಿ ಎತ್ತಿದ ಎಂದರೆ, ಅಶ್ಮಿತಾ ಬೈಯಬೇಕೆಂದಿದ್ದ ಮಾತನ್ನೇ ಮರೆತಳು.

ಅವನ ಹೆಸರು ಯತಿನ್. ಪ್ಲಾಂಟಿನ ಪರೀಕ್ಷಾ ಲ್ಯಾಬ್ ನೋಡಿಕೊಳ್ಳುವವನು. ಮನೆ ಕಾಮೋಠೆಯಲ್ಲಿ, ಊರು ಉಡುಪಿಯ ಕಡೆ.

ಮುಂದಿನ ಶನಿವಾರ ಅವಳು ಮತ್ತೆ ಹೋದಳು. ಕೋನು ನೇರ ಎತ್ತುವುದನ್ನು ಕಲಿಯಲಿಕ್ಕಂತೆ... ನಂಬಿ ನೋಡೋಣ!

ಹಾಗೆ ಶುರುವಾಯಿತು ಅವರ ಜೊತೆ. ಮಾಲು ಅವನದು, ವಿಚಾರ ಅವಳದು. ಅವನ ಕೈಗಳು ಜಲ್ಲಿ, ಮರಳು, ಸಿಮೆಂಟು ಕಲಸುತ್ತಿದ್ದವು. ಯಾಕೆ ಹೀಗೆ, ಏನಾಗುತ್ತದೆ ಎಂದು ಅವಳ ದನಿ ಹೇಳುತ್ತಿತ್ತು. ಅರವತ್ತು ಸೆಕೆಂಡು ಮುಗಿದರೆ ವಿಡಿಯೊ ಮುಗಿಯಬೇಕು, ಇದು ಅವಳ ನಿಯಮ. ತಾನು ಪೂರ್ತಿ ನೋಡಿ ಓಕೆ ಹೇಳದೆ ಯಾವುದನ್ನೂ ಹಾಕಬಾರದು, ಇದು ಅವನ ನಿಯಮ.

ಆ ವಿಡಿಯೊಗಳು ಕನ್ನಡಕ್ಕೆ ಬಂದದ್ದು ಸಿದ್ರಾಮನಿಂದ. ಅವನು ಕಲಬುರಗಿ ಕಡೆಯ ಗೌಂಡಿ ಮೇಸ್ತ್ರಿ. ಡೊಂಬಿವಿಲಿಯಲ್ಲಿ ಅಶ್ಮಿತಾಳ ಅಪ್ಪ ಜಯಶೀಲರ ಹೋಟೆಲಿನ ಅಡುಗೆಕಟ್ಟೆ ಕಟ್ಟಲು ಬಂದವನು, ಅವಳ ಮೊಬೈಲಿನಲ್ಲಿ ಬಗ್ಗಿ ನೋಡಿ ಹೇಳಿದ್ದ.

"ಅಕ್ಕೋರೆ, ಇದನ್ನ ನಮ್ಮ ಭಾಷಾದಾಗ ಹೇಳ್ರಲ್ಲ. ಇಲ್ಲಿ ಗೋಡಿ ಕಟ್ಟೋರು ಭಾಳ ಮಂದಿ ನಮ್ಮೋರೇ ಅದಾರ. ಮೂವತ್ತು ವರ್ಷ ಆತು, ಯಾಕ ಅಂತ ಯಾರೂ ನಮಗ ಹೇಳಿಲ್ರೀ."

ಅಂದೇ ಹೋಟೆಲಿನ ಅಡುಗೆಮನೆಯಲ್ಲಿ ಇಡ್ಲಿ ಹಿಟ್ಟು ಇಟ್ಟುಕೊಂಡು ಅವಳು ನೀರಿನ ಪಾಠ ಮಾಡಿದಳು. ನೀರು ಹೆಚ್ಚಾದರೆ ಇಡ್ಲಿ ಚಪ್ಪಟೆ, ಕಾಂಕ್ರೀಟು ಬಡಕಲು.

"ನನ್ನ ಹಿಟ್ಟು ಹಾಳು ಮಾಡ್ಲಿಕ್ಕೆ ನಿನಗೆ ಡಿಗ್ರಿ ಓದಿಸಿದ್ದಾ ಮಗಾ?" ಎಂದು ಜಯಶೀಲರು ಗದರಿದ್ದೂ ವಿಡಿಯೊದಲ್ಲಿ ಬಂತು. ಅದನ್ನೇ ಜನ ಹೆಚ್ಚು ನೋಡಿದರು!

ಆರು ತಿಂಗಳು... ಅಶ್ಮಿತಾ ಅಷ್ಟು ಸುಖವಾಗಿ ಎಂದೂ ಇರಲಿಲ್ಲ. ಶನಿವಾರ ಬಂತೆಂದರೆ ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೂ ಅವಳಿಗೆ ಬೇಜಾರಿಲ್ಲ. ಪ್ರೀತಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಅವನಿಗೆ? ಅದೊಂದು ಗೊತ್ತಿರಲಿಲ್ಲ.

ಮೇ ತಿಂಗಳ ಒಂದು ಶನಿವಾರ. ವಿಷಯ: ಸ್ಲ್ಯಾಬ್ ಹಾಕಿದ ಮೇಲೆ ಕೆಳಗೆ ಆಸರೆ ಕೊಟ್ಟ ಸೆಂಟ್ರಿಂಗ್ ಕಂಬ ಎಷ್ಟು ದಿನ ಇರಬೇಕು? ಎರಡೂ ಕಡೆ ಗೋಡೆಯ ಮೇಲೆ ಕೂತ ಚಿಕ್ಕ ಸ್ಲ್ಯಾಬಿಗೆ ಏಳು ದಿನ. ಆದರೆ ಛಜ್ಜಾ? ಕಿಟಕಿಯ ಮೇಲೆ, ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತದಲ್ಲ, ಅದಕ್ಕೆ?

ಅಶ್ಮಿತಾ ತನ್ನ ಬಲಗೈಯನ್ನು ಮುಂದಕ್ಕೆ ಚಾಚಿದಳು. "ನನ್ನ ಭುಜ ಗೋಡೆ. ಈ ಕೈ ಛಜ್ಜಾ."

ಯತಿನ್ ಅವಳ ಮಣಿಕಟ್ಟಿನ ಕೆಳಗೆ ತನ್ನ ಅಂಗೈ ಇಟ್ಟ. ಮೊದಲ ಸಲ ಮುಟ್ಟಿದ್ದು!

"ಇದು ಕಂಬ," ಎಂದ. "ಛಜ್ಜಾಗೆ ಒಂದೇ ಕಡೆ ಹಿಡಿತ ಇರುವುದು. ಏಳು ದಿನ ಸಾಲುವುದಿಲ್ಲ. ಎಂಜಿನಿಯರ್ ಹೇಳುವ ತನಕ ಈ ಕಂಬ ತೆಗೆಯಬಾರದು."

ಹೇಳಿದ ಮೇಲೂ ಅವನು ಕೈ ತೆಗೆಯಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಮನೆಗೆ ಬಂದು ನೋಡಿದರೆ ವಿಡಿಯೊ ಒಂದು ನಿಮಿಷ ಹದಿನೆಂಟು ಸೆಕೆಂಡು. ಅವನು ಕೈ ಹಿಡಿದಿದ್ದ ಆ ಕೊನೆಯ ಹದಿನೆಂಟು ಸೆಕೆಂಡನ್ನು ಅವಳು ಎಷ್ಟು ಸಲ ನೋಡಿದಳೋ! ಅದರಲ್ಲಿ ತನ್ನ ಮುಖ... ಯಾರು ನೋಡಿದರೂ ತಿಳಿಯುತ್ತಿತ್ತು. ಅಪ್ಪ ನೋಡಿದರೆ? ಹೋಟೆಲಿನ ಗಿರಾಕಿಗಳು ನೋಡಿದರೆ?

'ಇದು ನನ್ನದು. ಯಾರಿಗೂ ಕೊಡಲಾರೆ. ಛಜ್ಜಾದ ಪಾಠ ಮುಂದಿನ ವಾರ ಬೇರೆ ಮಾಡಿದರಾಯಿತು.'

ಕತ್ತರಿಸಿದಳು. ಅರವತ್ತಕ್ಕೆ ಸರಿಯಾಯಿತು. ಯತಿನ್‌ಗೆ ಕಳಿಸಿದಳು. ಎರಡು ನಿಮಿಷದಲ್ಲಿ 'ಓಕೆ' ಎಂದು ಬಂತು. ವಿಡಿಯೊ ಹಾಕಿಬಿಟ್ಟಳು.

ಮುಂದಿನ ವಾರ ಅವಳಿಗೆ ಪರೀಕ್ಷೆಯ ಪೇಪರುಗಳ ರಾಶಿ. ಛಜ್ಜಾದ ಪಾಠ ಉಳಿದೇಹೋಯಿತು.

ಎರಡನೆಯ ಸೋಮವಾರ ಯಾರೋ ಫೋನ್ ಮಾಡಿದರು. ಕಾಮೋಠೆಯ ಒಂದು ಕಟ್ಟಡದಲ್ಲಿ ಛಜ್ಜಾ ಕುಸಿದಿದೆ. ಕೆಳಗಿದ್ದವನು ಸಿದ್ರಾಮ.

ಅವನು ಜನ್ಮದಲ್ಲಿ ಎಂದೂ ಅವಸರ ಮಾಡಿದವನಲ್ಲ. ಕಂತ್ರಾಟುದಾರ ಬೇರೆ ಕೆಲಸಕ್ಕೆ ಕಂಬ ಬೇಕೆಂದು ಪೀಡಿಸಿದಾಗ, ಏಳು ದಿನವಾಯಿತಲ್ಲ, ಅಕ್ಕೋರು ವಿಡಿಯೊದಲ್ಲಿ ಹೇಳಿದ್ದಾರಲ್ಲ ಎಂದು ಕಂಬಕ್ಕೆ ಕೈ ಹಾಕಿದ್ದ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಅಕ್ಕೋರು ಹೇಳಿದ್ದಾರಲ್ಲ!

ಆ ಮಾತು ಅಶ್ಮಿತಾಳ ಎದೆಯಲ್ಲಿ ಕೂತುಬಿಟ್ಟಿತು. ಆಸ್ಪತ್ರೆಗೆ ಓಡಿದಳು. ವಾರ್ಡಿನ ಬಾಗಿಲಲ್ಲಿ ನಿಂತು ಹಾಸಿಗೆಯ ಮೇಲಿನ ಹೊದಿಕೆ ಒಂದು ಕಡೆ ಚಪ್ಪಟೆಯಾಗಿದ್ದುದನ್ನು ಕಂಡಳು. ಒಳಗೆ ಹೋಗಲು ಕಾಲು ಬರಲಿಲ್ಲ. ಹಾಗೆಯೇ ಹಿಂದಿರುಗಿ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು.

ಯತಿನ್‌ಗೆ ಹನ್ನೊಂದು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಮಹಾಪೆಗೆ ಹೋದರೆ, ಕೆಲಸ ಬಿಟ್ಟು ಹೋದ ಎಂದರು.

'ಅವನು ನನ್ನನ್ನು ನಂಬಿ ಓಕೆ ಅಂದ. ನಾನು ಅವನ ಮಾತನ್ನೇ ಕತ್ತರಿಸಿದೆ. ಇನ್ನು ನನ್ನ ಮುಖ ಅವನಿಗೆ ಯಾಕೆ ಬೇಕು?'

ಎಲ್ಲ ವಿಡಿಯೊಗಳನ್ನೂ ಅಳಿಸಿದಳು. ಆ ಹದಿನೆಂಟು ಸೆಕೆಂಡು ಮಾತ್ರ ಫೋನಿನಲ್ಲಿ ಉಳಿಯಿತು. ಅಳಿಸಲು ಕೈ ಬರಲಿಲ್ಲ, ನೋಡಲು ಧೈರ್ಯ ಬರಲಿಲ್ಲ.

ಒಂದು ವರ್ಷ ಕಳೆಯಿತು. ಕ್ಲಾಸಿನಲ್ಲಿ ಪುಸ್ತಕ ಓದಿ ಹೇಳಿ ಬರುತ್ತಿದ್ದಳು, ಅಷ್ಟೇ. "ಎಂತಾಯ್ತು ಮಗಾ ನಿನಗೆ? ಬೇಕಾದ್ರೆ ಇನ್ನೊಂದು ಪಾತ್ರೆ ಹಿಟ್ಟು ಹಾಳು ಮಾಡು ಮಾರಾಯ್ತಿ," ಎಂದು ಜಯಶೀಲರು ಕೇಳಿದರೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು.

"ಅಕ್ಕೋರೆ, ಸಿದ್ರಾಮ ಮಾತಾಡ್ತೀನ್ರೀ. ಠಾಣಾ ಊರಾಗ, ವಾಗ್ಳೆ ಎಸ್ಟೇಟಿನಾಗ ಕೆಲಸಕ್ಕ ಅದೀನಿ. ಒಂದ್ಸಲ ಬರ್ರಿ. ದವಾಖಾನಿಗೆ ಬಂದಂಗ ಬಾಗಿಲ ತನಕ ಬಂದು ಹೊಳ್ಳಿ ಹೋಗಬ್ಯಾಡ್ರಿ. ನಾ ಅವತ್ತ ನೋಡೀನ್ರೀ."

ಅಶ್ಮಿತಾ ಆಗಿಂದಾಗಲೇ ಠಾಣೆಯ ಟ್ರೇನು ಹತ್ತಿದಳು.

ಅದೊಂದು ಸಣ್ಣ ಕಾಂಕ್ರೀಟ್ ಪರೀಕ್ಷೆಯ ಲ್ಯಾಬು. ಸಿದ್ರಾಮ ಸ್ಟೂಲಿನ ಮೇಲೆ ಕೂತು, ನೀರಿನ ತೊಟ್ಟಿಗೆ ಇಳಿಸುವ ಕಾಂಕ್ರೀಟ್ ಇಟ್ಟಿಗೆಗಳ ಮೇಲೆ ತಾರೀಖು ಬರೆಯುತ್ತಿದ್ದ. ಪ್ಯಾಂಟಿನ ಒಂದು ಕಾಲನ್ನು ಮಡಿಸಿ ಪಿನ್ ಹಾಕಿತ್ತು. ಪಕ್ಕದಲ್ಲಿ ಊರುಗೋಲು.

ತೊಟ್ಟಿಯ ಆಚೆ, ಒದ್ದೆ ಕೈಗಳನ್ನು ಒರೆಸಿಕೊಳ್ಳುತ್ತಾ ಎದ್ದು ನಿಂತವನು... ಯತಿನ್!

ಅಶ್ಮಿತಾ ಸಿದ್ರಾಮನ ಮುಂದೆ ನೆಲಕ್ಕೆ ಕುಸಿದಳು. "ಮೇಸ್ತ್ರಿ... ತಪ್ಪು ನನ್ನದು. ನಿಮ್ಮ ಕಾಲು..."

"ತಪ್ಪು ಅವಳದ್ದಲ್ಲ," ಯತಿನ್ ಅಡ್ಡ ಬಂದ. "ನಾನು ನೋಡದೆ ಓಕೆ ಹಾಕಿದ್ದು. ಅವತ್ತು ಹನ್ನೆರಡು ಗಾಡಿ ಮಾಲು ಸಾಲಾಗಿ ನಿಂತಿತ್ತು. ವಿಡಿಯೊ ತೆರೆಯಲೇ ಇಲ್ಲ. ನನ್ನ ಮೇಲೆ ಭಾರ ಹಾಕಿದವಳಿಗೆ ನಾನು ಏನು ಮುಖ ಇಟ್ಕೊಂಡು ಫೋನ್ ಎತ್ತಲಿ?"

ಅಶ್ಮಿತಾ ತಲೆ ಎತ್ತಿದಳು. ಏನು ಹೇಳುತ್ತಿದ್ದಾನೆ ಇವನು? ತನಗೆ ಮುಖ ತೋರಿಸಲಾರದೆ... ಒಂದು ವರ್ಷ!

"ಕೇಳಿದ್ರೇನ್ರೀ ಅಕ್ಕೋರೆ?" ಸಿದ್ರಾಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. "ವರ್ಷ ಆತು, ಇವರು ನನ್ನ ಇಲ್ಲಿ ಕೆಲಸಕ್ಕ ಹಚ್ಚಿ, ದಿನಾ ತಪ್ಪು ತಮ್ಮದು ಅಂತಾರ. ನೀವೂ ಅದನ್ನೇ ಅಂತೀರಿ. ನಂದೂ ತಪ್ಪು ಐತಿ, ನನ್ನ ಕೈಗೆ ತಿಳಿದಿದ್ದನ್ನ ನಾ ಬಿಟ್ಟೆ. ಕಾಲು ಹೋತು, ಹೊಳ್ಳಿ ಬರಂಗಿಲ್ಲ. ಆದ್ರ ಛಜ್ಜಾದ ಮಾತು ಇನ್ನಾ ಯಾರಿಗೂ ಹೇಳಿಲ್ಲಲ್ರೀ! ಮೊನ್ನೆ ನನ್ನ ತಮ್ಮನ ಮಗ ಕೇಳ್ತಾನ, ಕಾಕಾ, ಛಜ್ಜಾದ ಕಂಬ ಏಳು ದಿನಕ್ಕ ತೆಗೀಲೇನು ಅಂತ. ನನ್ನ ಜೀವ ಹೋದಂಗಾತು. ನೀವಿಬ್ಬರೂ ಅಳಕೋತ ಕುಂತ್ರ ಅವನಿಗೆ ಹೇಳೋರು ಯಾರ್ರೀ?"

ಅಶ್ಮಿತಾ ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ. ಅಳು ನಿಲ್ಲುವ ತನಕ ಇಬ್ಬರೂ ಕಾದರು.

ಆಮೇಲೆ ಅವಳು ಯತಿನ್‌ನ ಕಡೆ ತಿರುಗಿದಳು. ಯಾರಿಗೂ ಹೇಳದ ಮಾತೊಂದು ಉಳಿದಿತ್ತು.

"ನಿಮಿಷ ಮೀರಿತು ಅಂತ ನಾನು ಕತ್ತರಿಸಲಿಲ್ಲ ಯತಿನ್. ಅದರಲ್ಲಿ ನಿಮ್ಮ ಕೈ ಇತ್ತು. ನನ್ನ ಮುಖ ಇತ್ತು. ನಿಮ್ಮನ್ನು ಪ್ರೀತಿಸ್ತೇನೆ ಅಂತ ಎಲ್ಲರಿಗೂ ಗೊತ್ತಾಗ್ತದೆ ಅಂತ ನಾಚಿಕೆ ಆಯ್ತು. ಆ ನಾಚಿಕೆಗೆ ಮೇಸ್ತ್ರಿಯ ಕಾಲು ಹೋಯ್ತು. ಹೇಗೆ ಬದುಕಲಿ ನಾನು?"

ಯತಿನ್ ಅವಳ ಎದುರಿಗೆ ಬಂದು ಕೂತ. ಅವನ ಕಣ್ಣು ತುಂಬಿತ್ತು.

"ನನಗೂ ಅವತ್ತೇ ಗೊತ್ತಿತ್ತು, ಅಶ್ಮಿತಾ. ಮಾತು ಮುಗಿದರೂ ಕೈ ತೆಗೆಯಲಿಕ್ಕೆ ಆಗಲಿಲ್ಲ. ಅವತ್ತೇ ಹೇಳಬೇಕಿತ್ತು." ಉಸಿರು ಎಳೆದುಕೊಂಡ. "ಇದು ನಮ್ಮನ್ನು ಬಿಡುವುದಿಲ್ಲ. ನಿನ್ನನ್ನೂ, ನನ್ನನ್ನೂ. ಒಬ್ಬೊಬ್ಬರೇ ಹೊತ್ತು ಒಂದು ವರ್ಷ ನೋಡಿದೆವಲ್ಲ... ಸಾಕು."

ಅವನು 'ನೀನು' ಎಂದದ್ದು ಅದೇ ಮೊದಲು.

ಸಿದ್ರಾಮ ಊರುಗೋಲಿಗೆ ಒರಗಿ ಎದ್ದು ನಿಂತ. "ಮೊಬೈಲ್ ಕೊಡ್ರಿ ಇಲ್ಲಿ. ನಾ ಹಿಡೀತೀನಿ. ಮೊದಲು ನನ್ನ ಕಾಲು ತೋರಸ್ರಿ, ಆಮ್ಯಾಲ ಪಾಠ ಹೇಳ್ರಿ. ಎಷ್ಟ ಉದ್ದ ಆದ್ರೂ ಆಗಲಿ."

ಅಶ್ಮಿತಾ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಊದಿದ ಕಣ್ಣು, ಕೆದರಿದ ಕೂದಲು. ಈ ಸಲ ಯಾವುದನ್ನೂ ಅಡಗಿಸಲಿಲ್ಲ. ಬಲಗೈ ಮುಂದಕ್ಕೆ ಚಾಚಿದಳು. ಕೆಳಗೆ ಯತಿನ್‌ನ ಅಂಗೈ ಬಂದು ನಿಂತಿತು. ಹೇಳಬೇಕಾದ ಒಂದೊಂದು ಮಾತನ್ನೂ ಇಬ್ಬರೂ ಹೇಳಿದರು.

ಮುಗಿದ ಮೇಲೆ ಅವಳು ಎಡಗೈಯಲ್ಲಿ ಫೋನನ್ನು ತೆಗೆದುಕೊಂಡು ಅವನ ಎದುರಿಗೆ ಹಿಡಿದಳು. "ನೋಡಿ ಹೇಳಿ. ಪೂರ್ತಿ."

ಅವನು ಮೊದಲಿನಿಂದ ಕೊನೆಯ ತನಕ ಕಣ್ಣು ಮಿಟುಕಿಸದೆ ನೋಡಿದ. ಎರಡು ನಿಮಿಷ ಐದು ಸೆಕೆಂಡು.

"ಓಕೆ," ಎಂದ.

"ಹೊರಗೆ ಎಲ್ಲರೂ ನೋಡ್ತಾರೆ. ಅಪ್ಪನೂ ನೋಡ್ತಾರೆ."

"ನೋಡಲಿ."

ಅವಳ ಕೈ ಇನ್ನೂ ಅವನ ಅಂಗೈಯ ಮೇಲೆಯೇ ಇತ್ತು. ಅವನು ಮೆಲ್ಲಗೆ ಕೇಳಿದ, "ಕೈ ತೆಗೀಲಾ?"

"ಬೇಡ," ಎಂದಳು ಅಶ್ಮಿತಾ. "ನಾನು ಹೇಳುವ ತನಕ ಬೇಡ."