ಜೋಳದ ಹೊಲದ ಆಚೆಗಿನ ಮನೆ

“ಈ ಮರದ ಬುಡ ಬಿಟ್ಟು ಅಲ್ಲಾಡ್ಬೇಡ ಕಣವ್ವ. ಅರ್ಧ ಗಂಟೇಲಿ ಪೆಟ್ರೋಲ್ ತತ್ತೀನಿ.”

ಇಷ್ಟು ಹೇಳಿದ ಅಪ್ಪ, ಹುಣಸೂರಿನ ಕಡೆ ಹೋಗುತ್ತಿದ್ದ ಯಾರದೋ ಬೈಕಿನ ಹಿಂದೆ ಹತ್ತಿ ಹೊರಟೇಬಿಟ್ಟ. ಭಾವನಾಳಿಗೆ ಮೈಯೆಲ್ಲ ಸಿಟ್ಟು.

ಹುಣಸೂರಿನ ಬಂಕ್ ಎದುರಿಗೇ ಬಂದಾಗ ಅವಳು ಹೇಳಿದ್ದಳು. “ಅಪ್ಪಾ, ಮುಳ್ಳು ಕೆಂಪಿಗೆ ಬಂದದೆ. ಪೆಟ್ರೋಲ್ ಹಾಕ್ಸಪ್ಪ.”

“ನಂಗೊತ್ತಿಲ್ವಾ? ಮನೆಗಂಟ ಓಯ್ತದೆ ಬುಡು,” ಎಂದಿದ್ದ ಅಪ್ಪ. ಅವನಿಗೆ ಯಾವಾಗಲೂ ಎಲ್ಲ ಗೊತ್ತು! ಗುರುಪುರ ದಾಟಿ, ಎರಡೂ ಕಡೆ ಬರೀ ಮುಸುಕಿನ ಜೋಳ ಬೆಳೆದು ನಿಂತಿದ್ದ ರಸ್ತೆಯಲ್ಲಿ ಬೈಕು ಕೆಮ್ಮಿ ಕೆಮ್ಮಿ ನಿಂತಿತ್ತು.

ಅವಳ ತೊಡೆಯ ಮೇಲೆ ತಮ್ಮ ಯತೀಶ ಮಲಗಿದ್ದ. ಇನ್ನೂ ಅಂಗನವಾಡಿಗೆ ಹೋಗುವ ಹುಡುಗ. ಅವನಿಗೆ ಜ್ವರ ಬಂದಿತ್ತೆಂದೇ ಡಾಕ್ಟರ ಹತ್ತಿರ ಹೋಗಿದ್ದು. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೊಪ್ಪು ಏರಿಸಿದ್ದರಿಂದ ಬೆಂಕಿ ನೋಡಿಕೊಳ್ಳಲು ಅಮ್ಮ ಮನೆಯಲ್ಲೇ ಉಳಿದಿದ್ದಳು.

“ಅಕ್ಕಾ, ನೀರು.”

ಬಾಟಲಿಯಲ್ಲಿದ್ದ ಕೊನೆಯ ಗುಟುಕನ್ನೂ ಕುಡಿಸಿದಳು. ಔಷಧಿ ಕೊಡೋಣವೆಂದರೆ, ಅದರ ಕವರ್ ಅಪ್ಪನ ಪ್ಯಾಂಟಿನ ಜೇಬಿನಲ್ಲೇ ಹೋಗಿತ್ತು. ಭಾವನಾ ಕೂತಲ್ಲಿಂದಲೇ ಬೈಕಿನ ಟೈರಿಗೆ ಒಂದು ಒದೆ ಕೊಟ್ಟಳು. ನೋವಾದದ್ದು ಅವಳ ಕಾಲಿಗೇ.

ಬಿಸಿಲು ಇಳಿಯಿತು. ಅಪ್ಪ ಬರಲಿಲ್ಲ. ಒಂದು ಕಾರು ಬಂತು. ಕೈ ಬೀಸಿ ಕೂಗಿದಳು. ಅದು ಹಾರ್ನ್ ಹೊಡೆದುಕೊಂಡು ಹೋಗಿಯೇ ಬಿಟ್ಟಿತು.

“ನಿಲ್ಸಕ್ಕೇನಾಗಿತ್ತು ನಿಂಗೆ!” ಎಂದು ಅದರ ಹಿಂದೆ ಕಿರುಚಿದಳು.

ಯತೀಶನ ಹಲ್ಲು ಕಟಕಟ ಎನ್ನುತ್ತಿತ್ತು. ಹಣೆ ಮುಟ್ಟಿದರೆ ಕಾದ ಹೆಂಚು. “ಯತೀ, ಏಳೋ. ನನ್ ನೋಡೋ,” ಎಂದಳು. ಅವನು ಕಣ್ಣು ಅರ್ಧ ತೆರೆದು ಏನೋ ತೊದಲಿದ. ಒಂದು ಮಾತೂ ತಿಳಿಯಲಿಲ್ಲ.

ಭಾವನಾ ಗಾಬರಿಯಿಂದ ಸುತ್ತ ನೋಡಿದಳು.

ಜೋಳದ ಹೊಲದ ಆಚೆ ಒಂದು ಶೀಟಿನ ಮನೆ ಕಾಣುತ್ತಿತ್ತು. ಅದರ ಪಕ್ಕದ ಕಂಬದಲ್ಲಿ ಬಣ್ಣಬಣ್ಣದ ಬಾವುಟಗಳು. ಟಿಬೆಟಿಯನ್ ಕ್ಯಾಂಪಿನವರ ಮನೆ. ಹೋಗುವುದೇ? ಅಪ್ಪ ಬಂದು ನೋಡಿದರೆ? ಕತ್ತಲಾದರೆ ಈ ಜೋಳಕ್ಕೆ ಆನೆ ಇಳಿಯುವುದೂ ಅವಳಿಗೆ ಗೊತ್ತಿತ್ತು. ಇಲ್ಲೇ ಕೂತರೆ ಯಾರೂ ಬೈಯುವುದಿಲ್ಲ. ಆದರೆ ಯತಿ?

“ಅರ್ಧ ಗಂಟೆಯಂತೆ!” ಎಂದು ಬೈದುಕೊಳ್ಳುತ್ತಲೇ ಎದ್ದಳು. ಬೈಕಿನ ಮುಂದೆ ಕಲ್ಲು ಜೋಡಿಸಿ, ಮನೆಯ ಕಡೆಗೆ ಬಾಣದ ಗುರುತು ಮಾಡಿದಳು. ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಹೊಲದ ಬದಿಯ ಗಾಡಿದಾರಿ ಹಿಡಿದಳು. ಎರಡು ಸಲ ಮುಗ್ಗರಿಸಿದಳು. ಅತ್ತಿತ್ತ ನೋಡಲೇ ಇಲ್ಲ.

ಸೊಂಟಕ್ಕೆ ಪಟ್ಟೆಪಟ್ಟೆ ಬಟ್ಟೆ ಕಟ್ಟಿದ್ದ ಅಜ್ಜಿಯೊಬ್ಬರು ಬಾಗಿಲಿಗೆ ಓಡಿಬಂದರು.

“ಏನಾಯ್ತು ಮಗ?”

“ಜ್ವರ ಅಜ್ಜಿ. ಮಾತೇ ಆಡ್ತಿಲ್ಲ ಇವ್ನು.”

ಅಜ್ಜಿ ಅವನನ್ನು ಇಳಿಸಿಕೊಂಡು, “ತುಂಬಾ ಬಿಸಿ, ಸ್ವೆಟರ್ ತೆಗಿ, ತೆಗಿ,” ಎಂದರು. ಬೇಸಿನ್ನಿನಲ್ಲಿ ನೀರು ತಂದು, ಬಟ್ಟೆ ಅದ್ದಿ ಹಣೆ, ಕತ್ತು, ಕಂಕುಳು ಒರೆಸಿದರು. ಸ್ವಲ್ಪ ಸ್ವಲ್ಪವೇ ನೀರು ಕುಡಿಸಿದರು. ಆಮೇಲೆ ಮೊಬೈಲ್ ಕೊಟ್ಟು, “ಅಪ್ಪಂಗೆ ಮಾಡು,” ಎಂದರು.

ಸ್ವಿಚ್ ಆಫ್. ಮನೆಗೆಲ್ಲ ಇರುವುದು ಅದೊಂದೇ ಫೋನು. ಅದಕ್ಕೂ ಚಾರ್ಜ್ ಹಾಕಿರಲಿಲ್ಲ ಅಪ್ಪ! ಭಾವನಾಳಿಗೆ ಸಿಟ್ಟಿನಿಂದ ಅಳುವೇ ಬಂತು.

“ಅಕ್ಕಾ, ಬಾವುಟ,” ಎಂದ ಯತೀಶ, ಕಿಟಕಿಯ ಕಡೆ ಬೆರಳು ತೋರಿಸಿ. ಮಾತು ಈಗ ಸರಿಯಾಗಿ ಕೇಳಿಸಿತು.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಕೂಗು ಬಂತು. “ಭಾವನಾ! ಯತೀಶಾ!”

ಅವಳು ಅಂಗಳಕ್ಕೆ ಓಡಿ, “ಇಲ್ಲೀ!” ಎಂದು ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು.

ಜೋಳದ ಹೊಲ ಬರಬರನೆ ಅಲ್ಲಾಡಿತು. ಅದರೊಳಗಿನಿಂದ ಅಪ್ಪ ನುಗ್ಗಿ ಬಂದ.

“ಅಲ್ಲಾಡ್ಬೇಡ ಅಂತ ಹೇಳಿರ್ನಿಲ್ವಾ? ಕಿವಿ ಇಲ್ವಾ ನಿಂಗೆ?”

“ಅರ್ಧ ಗಂಟೆ ಅಂದೋನು ನೀನು! ಅವ್ನು ಮಾತು ನಿಲ್ಸಿದ್ದ, ಗೊತ್ತಾ? ಔಷಧಿನೂ ನೀನೇ ತಕೊಂಡೋದೆ! ನಾನು ಕಲ್ಲಿಟ್ಟು ಗುರುತು ಮಾಡಿದ್ದೆ, ಅದ್ನೂ ನೋಡ್ಲಿಲ್ಲ ನೀನು!”

ಅಪ್ಪನ ಎದುರು ಅವಳು ಇಷ್ಟು ಜೋರಾಗಿ ಎಂದೂ ಮಾತಾಡಿರಲಿಲ್ಲ. ಅಪ್ಪ ಹೊಡೆಯುತ್ತಾನೆ ಎಂದುಕೊಂಡಳು. ಅವನು ಹೊಡೆಯಲಿಲ್ಲ. ಒಳಗೆ ಹೋಗಿ ಮಗನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಜೇಬಿನಿಂದ ಔಷಧಿ ತೆಗೆದ. ಮುಚ್ಚಳ ತೆರೆಯಲು ಅವನ ಕೈಗೆ ಆಗಲಿಲ್ಲ. ಅಜ್ಜಿಯೇ ತೆರೆದು ಕುಡಿಸಿದರು.

“ದಾರೀಲಿ ಎಲ್ಲೂ ಪೆಟ್ರೋಲ್ ಸಿಗ್ನಿಲ್ಲ. ಹುಣಸೂರಿಗೇ ಹೋಗ್ಬೇಕಾಯ್ತು,” ಎಂದ ಅಪ್ಪ, ಯಾರ ಮುಖವನ್ನೂ ನೋಡದೆ.

ಭಾವನಾಳ ಬಾಯಲ್ಲಿ ಇನ್ನೂ ಬೇಕಾದಷ್ಟು ಮಾತಿತ್ತು. ಬಂಕಿನದು, ಫೋನಿನದು, ಎಲ್ಲ ಅಂದುಬಿಡಬೇಕೆಂದು ಹತ್ತಿರ ಹೋದಳು.

ಬಲ್ಬಿನ ಬೆಳಕಿನಲ್ಲಿ ಅಪ್ಪನ ತೋಳು ಕಂಡಿತು. ಮೊಣಕೈಯಿಂದ ಮುಂಗೈವರೆಗೆ ಕೆಂಪು ಗೆರೆಗಳು. ಕೆನ್ನೆಯ ಮೇಲೂ ಒಂದು. ಜೋಳದ ಗರಿ ಕೊಯ್ದದ್ದು. ಪಕ್ಕದಲ್ಲೇ ಗಾಡಿ ಹೋಗುವಷ್ಟು ಅಗಲದ ದಾರಿಯಿತ್ತು. ಅದು ಅಪ್ಪನ ಕಣ್ಣಿಗೇ ಬಿದ್ದಿರಲಿಲ್ಲ.

ಅವಳು ಬೇಸಿನ್ನಿನಲ್ಲಿದ್ದ ಬಟ್ಟೆ ಹಿಂಡಿ, ಸಿಡುಕಿಕೊಂಡೇ ಹೇಳಿದಳು.

“ಕೈ ಚಾಚಪ್ಪ.”