ಕಿಟಕಿ ನೋಡುವ ದೇವರು

ದೇವರು ಇವತ್ತೂ ಕಿಟಕಿ ಕಡೆಗೇ ನೋಡುತ್ತ ಹಾಡಿದ.

ಗಂಗಾಂಬಿಕಾಗೆ ಸಿಟ್ಟು ನೆತ್ತಿಗೇರಿತು. ಅಮೆರಿಕದ ಮಾರಿಸ್‌ವಿಲ್ಲಿನ ಆ ಚರ್ಚಿನ ಹಾಡುತಂಡವಾದ ಕಾಯರ್‌ನಲ್ಲಿ ಕನ್ನಡದವರು ಇಬ್ಬರೇ: ಧಾರವಾಡದ ಅವಳು, ಮೈಸೂರಿನ ಅಭಿನವ. ಇಬ್ಬರನ್ನೂ ಅಲ್ಲಿಗೆ ಎಳೆದು ತಂದದ್ದು ಹಾಡಿನ ಹುಚ್ಚು. ಈ ಭಾನುವಾರ ಅವರು ಹಾಡಬೇಕಿದ್ದದ್ದು ಮುನ್ನೂರು ವರ್ಷ ಹಳೆಯ ಜರ್ಮನ್ ಕ್ಯಾಂಟಾಟಾ, ಹಲವು ಹಾಡುಗಳ ಒಂದು ಭಕ್ತಿಮಾಲೆ. ಮೊದಲು ಎಲ್ಲರ ಕೋರಸ್. ಆಮೇಲೆ ತಾಳದ ಹಂಗಿಲ್ಲದೆ ಮಾತಿನಂತೆಯೇ ಸಾಗುವ ಆತ್ಮದ ಅಳಲು. ಅದರ ಬೆನ್ನಿಗೆ ಆತ್ಮ ಮತ್ತು ಕ್ರಿಸ್ತನ ಜೋಡಿಹಾಡು. ಕೊನೆಗೆ ಕೇಳುಗರೂ ಎದ್ದು ದನಿಗೂಡಿಸುವ ಸ್ತುತಿ.

ಅವಳು ಆತ್ಮ. ಗಂಭೀರ ಕಂಠದ ಅಭಿನವ ಕ್ರಿಸ್ತ. 'ನೀನು ನನ್ನವನೇ?' ಎಂದು ಅವಳು ಪ್ರಾಣವಿಟ್ಟು ಕೇಳಿದರೆ, 'ನಿನ್ನವನೇ' ಎಂದು ಅವನು ಪಾರ್ಕಿಂಗ್ ಲಾಟಿನ ಕಾರುಗಳಿಗೆ ಹೇಳುತ್ತಿದ್ದ!

ಕಾರಿನಲ್ಲಿ ನಾಲ್ಕು ತಾಸು ದೂರದ ಆಲ್ಡಿ ಎಂಬ ಊರಲ್ಲಿ ಅವಳಿಗೊಂದು ಒಳ್ಳೆಯ ಕೆಲಸ ಸಿಕ್ಕಿತ್ತು. ಸೋಮವಾರ ಉತ್ತರ ಕೊಡಬೇಕು ಎಂಬುದು ತಂಡದವರಿಗೆಲ್ಲ ಗೊತ್ತಿತ್ತು. ಅಷ್ಟರೊಳಗೆ ಈ ಮನುಷ್ಯನಿಗೆ ತನ್ನ ಮೇಲೆ ಮನಸ್ಸಿದೆಯೋ ಇಲ್ಲವೋ ತಿಳಿಯಬೇಕಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೇ ಮುಖ ತಿರುಗಿಸಿದ್ದ.

ರಿಹರ್ಸಲ್ ಮುಗಿದ ಮೇಲೆ ಅವನ ಕಾರಿಗೆ ಅಡ್ಡ ನಿಂತಳು. "ನನ್ನ ಮಾರಿಗೆ ಏನರ ಹತ್ತೇತೇನ್ರೀ? ಒಮ್ಮೆನೂ ಈ ಕಡೆ ನೋಡಂಗಿಲ್ಲಲ್ಲ?"

"ಅಯ್ಯೋ, ಹಾಗಲ್ಲ." ಅವನು ಬೆರಳಲ್ಲಿ ಕೀ ತಿರುವತೊಡಗಿದ. "ನಾನು ದೇವರ ಪಾರ್ಟ್ ಹಾಡ್ತಿದೀನಿ. ಅಲ್ಲಿ ನಿಂತ್ಕೊಂಡು ನಿಮ್ಮನ್ನ ಹಾಗೆ ನೋಡೋದು ತಪ್ಪಲ್ವಾ?"

"ಹಾಂಗ ಅಂದ್ರ ಹ್ಯಾಂಗ?"

ಅವನ ಕಿವಿ ಕೆಂಪಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ನಮ್ಮ ಕಡೆ ಶರಣಸತಿ, ಲಿಂಗಪತಿ ಅಂತಾರ. ಭಕ್ತ ಹೆಂಡ್ತಿ, ದೇವ್ರು ಗಂಡ. ಇದೂ ಅದ ಐತ್ರೀ. ಆತ್ಮ ಮದುಮಗಳು, ಕ್ರಿಸ್ತ ಮದುಮಗ. ಮದುಮಗ ಆದಂವ ಕಿಟಕಿ ನೋಡ್ಕೋತ ನಿಂತ್ರ ಲಗ್ನ ಹ್ಯಾಂಗ ಆಗ್ಬೇಕು?"

"ಲಗ್ನ..." ಎಂದವನೇ ಅಭಿನವ ಕಾರು ಹತ್ತಿ ಹೊರಟುಬಿಟ್ಟ.

ಭಾನುವಾರ ಚರ್ಚು ತುಂಬಿತ್ತು. ಅವಳ ಅಳಲು ಮುಗಿದು ಜೋಡಿಹಾಡು ಶುರುವಾಯಿತು. ಅವನ ಕಣ್ಣು ಅದೇ ಕಿಟಕಿಯ ಮೇಲೆ! ಆಯಿತು, ಆಲ್ಡಿಗೆ ಹೋಗುವುದೇ ಸರಿ ಅಂದುಕೊಂಡಳು.

ಆದರೆ ಆ ಹಾಡಿನ ಕಟ್ಟೇ ಬೇರೆ. ನಡುವಿನ ಭಾಗ ಮುಗಿದ ಮೇಲೆ ಮೊದಲ ಭಾಗ ಮರಳಿ ಬರುತ್ತದೆ. ಮಾತು ಅದೇ, ಸ್ವರಕ್ಕೆ ಮಾತ್ರ ಹಾಡುವವರು ತಮಗೆ ತೋಚಿದ ಒನಪು ಸೇರಿಸಬಹುದು. 'ನೀನು ನನ್ನವನೇ?' ಎಂದು ಅವಳು ಮತ್ತೆ ಕೇಳಿದಳು. ಅಭಿನವ ಮೆಲ್ಲನೆ ತಿರುಗಿದ. ನೇರ ಅವಳ ಕಣ್ಣಿಗೇ ನೋಡಿದ. 'ನಿನ್ನವನೇ' ಎಂಬ ಮಾತನ್ನು ಎಲ್ಲೂ ಬರೆದಿರದಷ್ಟು ಉದ್ದ ಎಳೆದ. ಅವಳ ಉಸಿರು ತಪ್ಪಿತು. ಹೇಗೋ ಸಾವರಿಸಿಕೊಂಡು ದನಿ ಸೇರಿಸಿದಳು, ಇಬ್ಬರೂ ಜೊತೆಯಾಗಿ ಮುಗಿಸಿದರು.

ಕೊನೆಯ ಸ್ತುತಿಗೆ ಜನ ಏಳತೊಡಗಿದಾಗ ಅವನು ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ದೇವರ ಡ್ಯೂಟಿ ಮುಗೀತು. ಇನ್ಮೇಲೆ ಹೇಳೋದೆಲ್ಲ ನಾನೇ. ನೀವು ಆಲ್ಡಿಗೆ ಹೋಗಿ."

"ಏನಂದ್ರಿ? ಹೋಗಬ್ಯಾಡ ಅನ್ನಾಕ ಬಾಯಿಲ್ಲೇನು?"

"ಆ ಕೆಲಸ ನಿಮಗಿಷ್ಟ. ನೀವು ನನಗಿಷ್ಟ. ಎರಡೂ ಇರ್ಲಿ ಬಿಡಿ. ಪ್ರತಿ ಶುಕ್ರವಾರ ಡ್ರೈವ್ ಮಾಡ್ಕೊಂಡು ಬರ್ತೀನಿ."

ಗಂಗಾಂಬಿಕಾಗೆ ಅಳು, ನಗು ಒಟ್ಟಿಗೇ ಬಂತು. ತನ್ನನ್ನು ತಡೆಯುವವನೇ ಪ್ರೀತಿಸುವವನು ಅಂದುಕೊಂಡಿದ್ದಳಲ್ಲ, ಎಂಥ ಪೆದ್ದಿ!

"ಶುಕ್ರವಾರ ಟ್ರಾಫಿಕ್ ಭಾಳ ಇರ್ತೈತ್ರೀ," ಎಂದಳು.

"ಇರ್ಲಿ."

ಆರ್ಗನ್ ಮೊಳಗಿತು. ಅವಳು ಅಷ್ಟು ಜನರ ಎದುರಿಗೇ ಅವನ ಕೈ ಹಿಡಿದಳು. ಇಡೀ ಚರ್ಚು ಹಾಡತೊಡಗಿತು, ಅವರಿಬ್ಬರೂ ಹಾಡಿದರು.